ಎಪ್ಪತ್ತಕ್ಕೆ ಗೇಟು ಹಾಕಿಕೊಂಡ ವರ್ಷ

ಆ ವರ್ಷ ನಮ್ಮ ಯಜಮಾನರು ಸಾಯಲಿಲ್ಲ. ಸಾಯುತ್ತೇನೆ ಎಂದು ಕಾದು ಕೂತರು, ಅಷ್ಟೇ. ಕಾದು ಕೂತಿದ್ದಕ್ಕೆ ಎಡಗಣ್ಣು ಹೋಯಿತು. ಹಣೆಬರಹ ಎಂದವರು ಇದ್ದಾರೆ, ಶನಿಕಾಟ ಎಂದವರೂ ಇದ್ದಾರೆ. ಅದೇನೂ ಅಲ್ಲ. ಊರಿಗೆಲ್ಲ ಸೇರಿದ ಒಂದು ಲೆಕ್ಕವನ್ನು ತನ್ನೊಬ್ಬನದು ಎಂದು ಹೊತ್ತುಕೊಂಡು ಮನೆಗೆ ಬಂದರು. ನಡೆದಿದ್ದು ಇದು.

ಹೋದ ತಿಂಗಳು ಪಕ್ಕದ ಮನೆಯವರ ಮೊಮ್ಮಗುವಿನ ನಾಮಕರಣ ನಮ್ಮ ಕುಂಬಾರಕೊಪ್ಪಲಿನ ಸಮುದಾಯ ಭವನದಲ್ಲಿ ಆಯಿತು. ಗೋಡೆಗೆ ಹೊಸದಾಗಿ ಬಣ್ಣ ಹೊಡೆಸಿದ್ದರು. ಒಳಗೆ ಕಾಲಿಟ್ಟ ತಕ್ಷಣ ಹಸಿ ಬಣ್ಣದ ವಾಸನೆ, ಅದರ ಜೊತೆಗೆ ಫಿನಾಯಿಲ್, ಅದರ ಮೇಲೆ ಹಂಡೆಯಲ್ಲಿ ಕುದಿಯುತ್ತಿದ್ದ ಕಾಫಿ. ಅವತ್ತೂ ಇದೇ ಮೂರು ವಾಸನೆ ಹೀಗೇ ಬೆರೆತು ಬಂದಿತ್ತು. ಎಲ್ಲರೂ ತೊಟ್ಟಿಲ ಹತ್ತಿರ ಹೋದರು. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟೆ. ನನಗೆ ಆ ಹಾಲ್ ಕಂಡರೆ ಆಗುವುದಿಲ್ಲ.

ಅವತ್ತು ಅಲ್ಲಿ ನಡೆದಿದ್ದು ನಿವೃತ್ತ ಕಾರ್ಮಿಕರ ಸಂಘದ ಆರೋಗ್ಯ ಶಿಬಿರ. ನಮ್ಮ ಯಜಮಾನರು, ಹೆಸರು ಚನ್ನೇಗೌಡರು, ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡಿ ರಿಟೈರ್ ಆದವರು. ಬಿಪಿ ನೋಡಿದರು, ಸಕ್ಕರೆ ನೋಡಿದರು, ಆಮೇಲೆ ಒಬ್ಬ ಡಾಕ್ಟರಮ್ಮ ಮಾತಾಡಲು ನಿಂತರು. ಚಿಕ್ಕ ವಯಸ್ಸು, ಚೆಂದದ ಮಾತು. ಒಂದು ದೇಶದ ಜನ ಎಷ್ಟು ಚೆನ್ನಾಗಿದ್ದಾರೆ ಎಂದು ನೋಡಲು ಸರಾಸರಿ ಆಯಸ್ಸು ಎಂಬ ಅಳತೆ ಇದೆ, ನಮ್ಮ ಅಜ್ಜಂದಿರ ಕಾಲದಲ್ಲಿ ಅದು ಈಗಿನ ಅರ್ಧವೂ ಇರಲಿಲ್ಲ, ಈಗ ಎಪ್ಪತ್ತರ ಹತ್ತಿರ ಬಂದಿದೆ ಎಂದರು. ಎಲ್ಲ ಚಪ್ಪಾಳೆ ತಟ್ಟಿದರು. ಒಳ್ಳೆಯ ಸುದ್ದಿ ತಾನೇ, ನಾನೂ ತಟ್ಟಿದೆ.

ಪಕ್ಕಕ್ಕೆ ತಿರುಗಿದರೆ ಇವರ ಕೈ ಮಡಿಲಲ್ಲೇ ಇತ್ತು. ಇವರಿಗೆ ಆಗ ಅರವತ್ತೊಂಬತ್ತು.

ದಾರಿಯಲ್ಲಿ ಒಂದೇ ಮಾತು ಆಡಿದರು. "ಇನ್ನೊಂದ್ ವರ್ಷ."

"ಏನು ಇನ್ನೊಂದ್ ವರ್ಷ?" ಅಂದೆ.

"ಏನಿಲ್ಲ, ನಡಿ."

ಇವರನ್ನು ತಿಳಿಯಬೇಕಾದರೆ ಕಾರ್ಖಾನೆಯನ್ನು ತಿಳಿಯಬೇಕು. ಸೈರನ್ ಕೂಗಿದರೆ ಒಳಗೆ, ಸೈರನ್ ಕೂಗಿದರೆ ಹೊರಗೆ. ಕ್ಯಾಂಟೀನಿನಲ್ಲಿ ಬಾಯಿಗಿಟ್ಟ ತುತ್ತು ಅರ್ಧದಲ್ಲಿದ್ದರೂ ಎದ್ದುಬಿಡುತ್ತಿದ್ದರಂತೆ. ಐವತ್ತೆಂಟಕ್ಕೆ ಎಂದರೆ ಐವತ್ತೆಂಟಕ್ಕೇ ಗೇಟು. ಕೈಯಲ್ಲಿ ಕೆಲಸ ಇದೆಯೋ, ಮೈಯಲ್ಲಿ ಶಕ್ತಿ ಇದೆಯೋ, ಯಾರೂ ಕೇಳುವುದಿಲ್ಲ. ಹಾರ, ಶಾಲು, ಒಂದು ಗೋಡೆ ಗಡಿಯಾರ. ಮಾರನೇ ದಿನ ಹೋದರೆ ಅದೇ ಸೆಕ್ಯೂರಿಟಿಯವನು ಯಾರು ಬೇಕಿತ್ತು ಎಂದು ಕೇಳುತ್ತಾನೆ. ಹಾಗೆ ಬದುಕಿದವರಿಗೆ ಸರಾಸರಿ ಎಂಬ ಮಾತು ಎಲ್ಲಿ ತಲೆಗೆ ಹೋಗಬೇಕು? ಎಪ್ಪತ್ತು ಎಂದರು, ಎಪ್ಪತ್ತಕ್ಕೆ ಗೇಟು.

ಮಳೆಗಾಲ ಹಿಡಿದಿತ್ತು. ಮೈಸೂರಿನ ಮಳೆ ಹೊಡೆದು ಹೋಗುವ ಮಳೆಯಲ್ಲ, ಜಿನುಗುತ್ತಾ ಕೂರುವ ಮಳೆ, ಬಟ್ಟೆ ಒಣಗುವುದಿಲ್ಲ, ಮನಸ್ಸೂ ಒಣಗುವುದಿಲ್ಲ. ಒಂದು ಬೆಳಿಗ್ಗೆ ಕರೆದರು.

"ಬಾಮ್ಮಿ ಇಲ್ಲಿ. ಸಂಪಿನ ಮೋಟರ್ ಹಾಕೋದ್ ಕಲ್ತ್ಕೊ."

"ನೀವಿಲ್ವಾ ಹಾಕೋಕೆ?"

"ಕಲ್ತ್ಕೊ ಅಂದ್ರೆ ಕಲ್ತ್ಕೊ. ಗಾಳಿ ಹಿಡಿದ್ರೆ ಇಲ್ಲಿಂದ ನೀರು ಬುಡ್ಬೇಕು."

ಮೋಟರ್ ಆಯಿತು, ಗ್ಯಾಸ್ ಸಿಲಿಂಡರ್ ಬದಲಾಯಿಸುವುದು ಆಯಿತು, ಕರೆಂಟು ಹೋದರೆ ಯಾವ ಸ್ವಿಚ್ಚು ಮೇಲೆ ಮಾಡಬೇಕು ಎನ್ನುವುದು ಆಯಿತು. ಕಾರ್ಖಾನೆಯ ಕೊನೆಯ ತಿಂಗಳಲ್ಲಿ ಹೀಗೇ ಮಾಡಿದ್ದರು, ತನ್ನ ಮೆಷಿನ್ನಿಗೆ ಬರುವವನಿಗೆ ಒಂದೊಂದೇ ತೋರಿಸಿಕೊಟ್ಟು ಚಾರ್ಜು ವಹಿಸಿದ್ದರು. ಈಗ ನನಗೆ ವಹಿಸುತ್ತಿದ್ದರು. ಅದು ನನಗೆ ತಕ್ಷಣ ಹೊಳೆಯಲಿಲ್ಲ. ಮುದುಕರಿಗೆ ಏನೋ ಹುರುಪು ಬಂದಿದೆ ಎಂದುಕೊಂಡೆ. ಚಪ್ಪಲಿ ಸವೆದು ಹಿಮ್ಮಡಿ ನೆಲ ಮುಟ್ಟುತ್ತಿತ್ತು. ಹೊಸದು ತಗೊಳ್ಳಿ ಅಂದರೆ, "ಇದೇ ಸಾಕು, ಬುಡು" ಅಂದರು. ಹಿತ್ತಲಿನ ಕರಿಬೇವಿನ ಗಿಡ ಒಣಗಿತು, ಇನ್ನೊಂದು ನೆಡಿ ಅಂದರೆ, "ನಿಂಗ್ ಬೇಕಾದ್ರೆ ನೆಟ್ಕೊ" ಅಂದರು. ನಿಂಗ್ ಬೇಕಾದ್ರೆ. ಆ ಮಾತು ಚುಚ್ಚಿತು.

ಆಮೇಲೆ ಜಗಳ ನಿಂತಿತು. ಇದನ್ನು ಹೇಗೆ ಬರೆಯಬೇಕೋ ನನಗೆ ಗೊತ್ತಿಲ್ಲ, ನಾಲ್ಕನೇ ಕ್ಲಾಸು ಓದಿದವಳು. ಮದುವೆಯಾದಾಗಿನಿಂದ ಇವರು ನನ್ನ ಸಾರಿಗೆ ಹೆಸರಿಡದೆ ಊಟ ಮಾಡಿದವರಲ್ಲ. ಉಪ್ಪು ಕಮ್ಮಿ, ಹುಳಿ ಜಾಸ್ತಿ, ಮುದ್ದೆ ಗಂಟು. ನಾನೂ ಬಿಟ್ಟವಳಲ್ಲ. ಆ ವರ್ಷ ಏನು ಹಾಕಿದರೂ ತಿಂದು ಎದ್ದರು. ಒಂದು ದಿನ ಬೇಕೆಂದೇ ಸೊಪ್ಪಿನ ಸಾರಿಗೆ ಎರಡು ಪಟ್ಟು ಉಪ್ಪು ಸುರಿದೆ. ಬಾಯಿಗೆ ಇಡುವ ಹಾಗಿರಲಿಲ್ಲ. ಮುದ್ದೆ ಮುರಿದು ಅದ್ದಿಕೊಂಡು ನುಂಗಿದರು, ತಟ್ಟೆಯಲ್ಲೇ ಕೈ ತೊಳೆದರು, "ಚೆನ್ನಾಗಿತ್ತು" ಅಂದರು. ನಾನು ಮಿಕ್ಕ ಸಾರನ್ನು ಒಲೆಯ ಮೇಲಿಂದ ಎತ್ತಿ ಮೋರಿಗೆ ಚೆಲ್ಲಿದೆ. ಗಂಡ ಸತ್ತವರನ್ನು ಮಾತಾಡಿಸಲು ಹತ್ತು ಜನ ಬರುತ್ತಾರೆ. ಗಂಡ ಮುಂದೆಯೇ ಕೂತು ಇಲ್ಲದವನಾದರೆ ಯಾರೂ ಬರುವುದಿಲ್ಲ.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವೇ ಎಂದರೆ, ಇದ್ದರು. ಮೇಲಿನ ಮನೆಯಲ್ಲಿ ಮಗ ನಾಗೇಶ, ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಶಿಫ್ಟು. ಸೊಸೆ ರೂಪ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ನಾಗೇಶನಿಗೆ ಹೇಳಿದೆ, ಅಪ್ಪ ಸರಿಯಿಲ್ಲ ಕಣೋ ಎಂದು.

"ಯಾಕಮ್ಮ, ಮುಂಚೆಗಿಂತ ಚೆನ್ನಾಗೇ ಅವ್ರಲ್ಲ. ಕೂಗಾಡಲ್ಲ, ರೇಗಲ್ಲ."

"ಅದೇ ಕಣೋ ನಾನ್ ಹೇಳ್ತಿರೋದು."

"ನಿಂಗ್ ರೇಗಿದ್ರೂ ಕಷ್ಟ, ರೇಗ್ದಿದ್ರೂ ಕಷ್ಟ" ಎಂದು ನಗುತ್ತಾ ಬೈಕು ಹತ್ತಿದ.

ಚಳಿಗಾಲದಲ್ಲಿ ರೂಪ ಹೆಣ್ಣುಮಗುವನ್ನು ಎತ್ತಿಕೊಂಡು ಬಂದಳು. ಕುತ್ತಿಗೆ ನಿಂತಿದ್ದ ಮಗು, ಕಂಡವರನ್ನೆಲ್ಲ ನೋಡಿ ನಗುತ್ತಿತ್ತು. ನಾನು ಆರತಿ ಎತ್ತಿ ಒಳಗೆ ಕರೆದುಕೊಂಡೆ. ರೂಪ ಮಗುವನ್ನು ತಾತನ ಮುಂದೆ ಹಿಡಿದಳು. ಇವರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು.

"ಎತ್ಕೊಳ್ಳಿ ಮಾವ."

"ಬ್ಯಾಡ ಕಣಮ್ಮ. ಅಭ್ಯಾಸ ಆಗ್ಬುಟ್ರೆ ಆಮೇಲೆ ಹುಡ್ಕತ್ತೆ."

ರೂಪಳಿಗೆ ಅರ್ಥವಾಗಲಿಲ್ಲ, ಹೆಣ್ಣಾಯಿತೆಂದು ಬೇಜಾರು ಮಾಡಿಕೊಂಡರು ಎಂದು ಮೇಲೆ ಹೋಗಿ ಅತ್ತಳಂತೆ. ನನಗೆ ಅರ್ಥವಾಯಿತು. ಮೋಟರ್, ಸಿಲಿಂಡರ್, ಚಪ್ಪಲಿ, ಕರಿಬೇವು, ಉಪ್ಪು, ಎಲ್ಲವೂ ಒಂದೇ ಸಲ ಅರ್ಥವಾಯಿತು. ಈ ಮನುಷ್ಯ ಹೊರಟಿದ್ದಾನೆ. ನನಗೊಂದು ಮಾತು ಹೇಳದೆ ಹೊರಟಿದ್ದಾನೆ.

ಕೇಳಿದರೆ ಜಾರಿಕೊಂಡರು. ಬಿಸಿಲು ಶುರುವಾದ ಮೇಲೆ ತಾನಾಗಿಯೇ ಬಯಲಿಗೆ ಬಂತು. ಒಂದು ಮಧ್ಯಾಹ್ನ ಚೊಂಬಿನಿಂದ ಮಜ್ಜಿಗೆ ಬಗ್ಗಿಸಿಕೊಂಡರು. ಲೋಟ ಎಡಗಡೆ ಇತ್ತು, ಮಜ್ಜಿಗೆಯೆಲ್ಲ ಚಾಪೆಗೆ. ಒರೆಸಲು ಬಟ್ಟೆ ತರುತ್ತೇನೆ ಎಂದು ಎದ್ದವರು ಬಾಗಿಲ ಚೌಕಟ್ಟಿಗೆ ಎಡಭುಜ ಹೊಡೆದುಕೊಂಡರು. ಅದೇ ಬಾಗಿಲಲ್ಲಿ ಮನೆ ಕಟ್ಟಿದಾಗಿನಿಂದ ಓಡಾಡಿದವರು.

ಇವರ ಕಣ್ಣಿನಲ್ಲಿ ಒತ್ತಡ ಜಾಸ್ತಿ ಇತ್ತು. ನೋವಿಲ್ಲ, ಉರಿಯಿಲ್ಲ, ಸುಮ್ಮನೆ ಅಂಚಿನಿಂದ ನೋಟ ತಿಂದುಕೊಂಡು ಬರುವ ಕಾಯಿಲೆ. ಬೆಳಿಗ್ಗೆ ಸಂಜೆ ಒಂದೊಂದು ಹನಿ ಔಷಧಿ ಹಾಕಿಕೊಳ್ಳಲೇಬೇಕು, ಹೋದ ನೋಟ ವಾಪಸ್ ಬರುವುದಿಲ್ಲ, ಎಡಗಣ್ಣು ಆಗಲೇ ಸೋತಿದೆ ಎಂದು ಕಣ್ಣಿನ ಡಾಕ್ಟರು ಹಿಂದೆಯೇ ಹೇಳಿದ್ದರು. ಹನಿಯನ್ನು ಇವರೇ ಹಾಕಿಕೊಳ್ಳುತ್ತಿದ್ದರು, ನನ್ನ ಕೈ ನಡುಗುತ್ತದೆ ಎಂದು ನನಗೆ ಬಿಡುತ್ತಿರಲಿಲ್ಲ. ಹೋಗಿ ಗೂಡು ನೋಡಿದೆ. ಸೀಸೆ ಒಣಗಿ ಮುಚ್ಚಳ ಅಂಟಿಕೊಂಡಿತ್ತು.

"ಯಾವಾಗ್ ನಿಲ್ಲಿಸಿದ್ರಿ?"

"ಆಗ್ಲೇ."

"ಯಾಕೆ ಅಂತೀನಿ?"

"ಸಾಯೋಗಂಟ ಹಾಕಿ ಅಂದಿದ್ರು. ಸಾಯೋಕ್ ಈಗ ಎಷ್ಟದೆ? ಡಾಕ್ಟರಮ್ಮ ಹೇಳ್ಲಿಲ್ವಾ, ಎಪ್ಪತ್ತು ಅಂತ. ಅಷ್ಟಕ್ಕೆ ಇರೋ ಕಣ್ಣು ಸಾಕು."

"ಅವ್ರು ಹೇಳಿದ್ರೆ ಯಮ ಹೇಳ್ದಂಗಾ?"

"ದೇಶದ್ ಲೆಕ್ಕ ಕಣಮ್ಮಿ ಅದು. ಸುಮ್ಸುಮ್ನೆ ಹೇಳ್ತಾರಾ?"

ಕಣ್ಣಾಸ್ಪತ್ರೆಗೆ ಬನ್ನಿ ಎಂದು ಕೈ ಹಿಡಿದು ಎಳೆದೆ, ನಾಗೇಶನೂ ಬಂದು ಎಳೆದ. ಏಳಲಿಲ್ಲ. ಎಳೆದುಕೊಂಡು ಹೋಗಲು ಅದೇನು ಕರುವೇ.

ಮಾರನೇ ದಿನ ಒಬ್ಬಳೇ ಬಸ್ಸು ಹತ್ತಿದೆ. ಆ ಡಾಕ್ಟರಮ್ಮ ಲಕ್ಷ್ಮೀಪುರಂನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೂರುತ್ತಾರೆ ಎಂದು ಸಂಘದವರು ಹೇಳಿದ್ದರು. ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬಿಸಿಲಿನಲ್ಲಿ ನಡೆದುಕೊಂಡು ಹೋದೆ. ದಾರಿ ತುಂಬ ಜನ, ಒಬ್ಬರ ಮುಖವೂ ಪರಿಚಯವಿಲ್ಲ. ನನ್ನ ಸರದಿ ಬಂದಾಗ ಏನು ತೊಂದರೆ ಎಂದು ಕೇಳಿದರು.

"ತೊಂದ್ರೆ ನನಗಲ್ಲ. ನಮ್ಮ ಯಜಮಾನ್ರು ಎಪ್ಪತ್ತಕ್ಕೆ ಸಾಯ್ತಾರೆ ಅಂತ ನೀವು ಹೇಳುದ್ರಿ. ಅವ್ರು ನಂಬ್ಕೊಂಡು ಕೂತವ್ರೆ. ಎದ್ದೇಳ್ಸಿ."

ಪಾಪ, ಆ ಹುಡುಗಿ ಪೆನ್ನು ಕೆಳಗಿಟ್ಟಳು. "ಅಯ್ಯೋ ಅಜ್ಜಿ, ನಾನು ಹಾಗೆ ಹೇಳಲೇ ಇಲ್ಲ."

"ನೀವ್ ಹೇಳಿದ್ದೇನೋ ನಂಗೊತ್ತಿಲ್ಲ. ನಮ್ಮನೇಲಿ ಆಗಿರೋದು ಇದು."

ನಡೆದಿದ್ದನ್ನೆಲ್ಲ ಕೇಳಿಕೊಂಡರು. ಆಮೇಲೆ ಕೇಳಿದರು, "ಅಜ್ಜಿ, ನಿಮ್ಮ ತಾಯಿಗೆ ಎಷ್ಟು ಜನ ಮಕ್ಕಳು?"

"ಎಂಟು. ಉಳಿದಿದ್ದು ನಾವ್ ಮೂರು."

"ಉಳಿದ ಐದು?"

"ಕೂಸಲ್ಲೇ ಹೋದ್ವು."

"ನೋಡಿ, ಒಂದು ಮನೇಲಿ ಇಬ್ಬರು ಅಂತ ಇಟ್ಕೊಳ್ಳಿ. ಒಂದು ಕೂಸಲ್ಲೇ ಹೋಯ್ತು. ಇನ್ನೊಬ್ಬರು ಎಂಬತ್ತು ಬದುಕಿದ್ರು. ಎರಡನ್ನೂ ಕೂಡಿಸಿ ಪಾಲು ಮಾಡಿದ್ರೆ ನಲವತ್ತು ಬರುತ್ತೆ. ಆದ್ರೆ ಆ ಮನೇಲಿ ನಲವತ್ತಕ್ಕೆ ಸತ್ತವರು ಯಾರಾದ್ರೂ ಇದ್ದಾರಾ?"

ನಾನು ಯೋಚನೆ ಮಾಡಿದೆ. "ಯಾರೂ ಇಲ್ಲ."

"ಅಷ್ಟೇ ಅಜ್ಜಿ. ಹಿಂದೆ ಆ ಸಂಖ್ಯೆ ಅಷ್ಟು ಕಮ್ಮಿ ಇದ್ದಿದ್ದು ಎಲ್ಲರೂ ಮೂವತ್ತು ನಲವತ್ತಕ್ಕೆ ಸಾಯ್ತಿದ್ರು ಅಂತಲ್ಲ. ಮಕ್ಕಳು ತುಂಬಾ ಹೋಗ್ತಿದ್ವು, ಬಾಣಂತಿಯರು ಹೋಗ್ತಿದ್ರು, ಅವರೆಲ್ಲ ಕೆಳಗೆ ಎಳೀತಿದ್ರು. ಈಗ ಮಕ್ಕಳು ಉಳೀತಾವೆ, ಏರಿದೆ. ಅದು ಊರಿನ ನೀರು ಹೇಗಿದೆ, ಹೆರಿಗೆ ಹೇಗಾಗುತ್ತೆ, ಸೂಜಿ ಔಷಧಿ ಸಿಗುತ್ತಾ ಅಂತ ನೋಡೋ ಅಳತೆ. ಇಂಥವರು ಇಂಥ ದಿನ ಹೋಗ್ತಾರೆ ಅಂತ ಹೇಳೋದಲ್ಲ."

"ಹಾಗಾದ್ರೆ ಎಪ್ಪತ್ತು ಯಾರ್ದು?"

"ಇವತ್ತು ಹುಟ್ಟೋ ಮಗುದು. ಊರು ಈಗಿರೋ ಹಾಗೇ ಇದ್ರೆ ಇವತ್ತಿನ ಮಕ್ಕಳು ಸರಾಸರಿ ಇಷ್ಟು ಬದುಕಬಹುದು ಅನ್ನೋ ಅಂದಾಜು. ನಿಮ್ಮ ಯಜಮಾನರು ಕೂಸಿನ ಗಂಡಾಂತರ, ಹರೆಯದ ಗಂಡಾಂತರ ಎಲ್ಲಾ ದಾಟಿ ಬಂದವರು. ಅಷ್ಟು ದಾಟಿದವರಿಗೆ ಲೆಕ್ಕ ಬೇರೆ. ಮುಂದೆ ಇನ್ನೂ ಬೇಕಾದಷ್ಟು ವರ್ಷ ಇರಬಹುದು."

ಅಂದರೆ ಅದು ನಮ್ಮ ರೂಪಳ ಮಗುವಿನ ಲೆಕ್ಕ. ತಾತ ಕೂಸಿನ ಪಾಲನ್ನು ಕಿತ್ತುಕೊಂಡು, ಕೂಸನ್ನು ಎತ್ತಿಕೊಳ್ಳದೆ ಕೂತಿದ್ದರು.

ಎದ್ದು ಬರಬೇಕಿತ್ತು, ಕೂತೇ ಇದ್ದೆ. ನಾಗೇಶನಿಗಿಂತ ಮುಂಚೆ ನನಗೊಂದು ಹೆಣ್ಣು ಹುಟ್ಟಿತ್ತು. ಹಲ್ಲು ಮೂಡುವ ಹೊತ್ತಿಗೆ ಭೇದಿ ಹಿಡಿದು ಹೋಯಿತು. ಇವರು ಶಿಫ್ಟಿನಲ್ಲಿದ್ದರು. ಬರುವ ಹೊತ್ತಿಗೆ ಮುಗಿದಿತ್ತು. ಕೂಸು ತಾನೇ, ಇನ್ನೊಂದಾಗುತ್ತೆ ಎಂದು ಎಲ್ಲರೂ ಹೇಳಿದರು, ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಅವತ್ತು ಡಾಕ್ಟರಮ್ಮನ ಮುಂದೆ ಆ ಕೂಸಿನ ಮಾತು, ಭೇದಿಯ ಮಾತು ಹೇಳಿದೆ. "ಅದೂ ಇರುತ್ತಾ ಲೆಕ್ಕದಲ್ಲಿ?" ಎಂದು ಕೇಳಿದೆ.

"ಇರುತ್ತೆ ಅಜ್ಜಿ. ಆ ಕಾಲದ ಸಂಖ್ಯೆ ಕಮ್ಮಿ ಇದ್ದಿದ್ದೇ ಅಂಥ ಮಕ್ಕಳಿಂದ. ಈಗಾದ್ರೆ ಒಂದು ಪೊಟ್ಟಣ ಉಪ್ಪು ಸಕ್ಕರೆ ನೀರಲ್ಲಿ ಉಳಿಸಬಹುದಿತ್ತು."

ಆ ಕೊನೆಯ ಮಾತು ಅವರು ಹೇಳದಿದ್ದರೂ ಆಗುತ್ತಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಅಷ್ಟು ವರ್ಷ ನಾನೊಬ್ಬಳೇ ಇಟ್ಟುಕೊಂಡಿದ್ದ ಕೂಸು ಯಾವುದೋ ದೊಡ್ಡ ಲೆಕ್ಕದೊಳಗೆ ಇತ್ತು ಎನ್ನುವುದು ಸಮಾಧಾನವೋ ಸಂಕಟವೋ ಈವತ್ತಿಗೂ ಹೇಳಲಾರೆ. ಅಳಲಿಲ್ಲ. ಬಸ್ಸಿನಲ್ಲಿ ಯಾರು ಅಳುತ್ತಾರೆ.

ಮನೆಗೆ ಬಂದು ಇವರಿಗೆ ಎಲ್ಲ ಬಿಡಿಸಿ ಹೇಳಿದೆ, ಇಬ್ಬರು, ನಲವತ್ತು, ಎಲ್ಲ. ಪೂರ್ತಿ ಕೇಳಿದರು. ಬುದ್ಧಿವಂತರು, ಅರ್ಥವಾಗದೆ ಇರಲಿಲ್ಲ.

"ಇರ್ಬೌದು," ಅಂದರು. "ಆದ್ರೂ ನಾನ್ ತಯಾರಾಗ್ಬುಟ್ಟಿದೀನಿ ಕಣಮ್ಮಿ. ಐವತ್ತೆಂಟಕ್ಕೆ ಕಳ್ಸುವಾಗ ಯಾರೂ ನನ್ನ ಕೇಳ್ಲಿಲ್ಲ. ಆಮೇಲೆ ಏನ್ ಮಾಡ್ಬೇಕು ಅಂತಾನೂ ಯಾರೂ ಹೇಳ್ಲಿಲ್ಲ. ಬೆಳಿಗ್ಗೆ ಎದ್ರೆ ಸಂಜೆಗಂಟ ಬರೀ ಬಿಸಿಲು ನೋಡ್ಕೊಂಡು ಕೂತಿರ್ತೀನಿ. ಇದಕ್ಕೊಂದು ತಾರೀಕು ಅಂತ ಸಿಕ್ತಲ್ಲ, ನೆಮ್ಮದಿಯಾಗ್ಬುಡ್ತು."

"ನಾನಿದೀನಲ್ಲ?"

ಹೊರಗೆ ಯಾರೋ ಕೊತ್ತಂಬರಿ ಕೂಗಿಕೊಂಡು ಹೋದರು. ನಾನು ಎದ್ದು ಹೋಗಿ ಪಾತ್ರೆ ತೊಳೆದೆ, ತೊಳೆದ ಪಾತ್ರೆಯನ್ನೇ ಇನ್ನೊಂದು ಸಲ ತೊಳೆದೆ. ತಪ್ಪು ತಿಳಿವಳಿಕೆಯನ್ನು ತಿದ್ದಬಹುದು. ಇರಲು ಇಷ್ಟವಿಲ್ಲದವರಿಗೆ ಯಾವ ಡಾಕ್ಟರಮ್ಮ ಏನು ಹೇಳಿಯಾರು? ಅಲ್ಲಿಂದ ಮುಂದಿನ ದಿನಗಳಷ್ಟು ಉದ್ದದ ದಿನಗಳನ್ನು ನಾನು ಕಂಡಿಲ್ಲ. ಹೊಸ ಸೀಸೆ ತಂದು ಗೂಡಿನಲ್ಲಿಟ್ಟೆ. ಮುಟ್ಟಲಿಲ್ಲ.

ಇವರ ಹುಟ್ಟಿದ ದಿನ ಜೂನ್ ಒಂದು. ಅವತ್ತು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒಗೆದ ಪಂಚೆ, ಬಿಳಿ ಶರ್ಟು ತೊಟ್ಟು ಜಗಲಿಯ ಮೇಲೆ ಕೂತರು. ರಿಟೈರ್ ಆದ ದಿನವೂ ಹೀಗೇ ಕೂತಿದ್ದರು, ಕಂಪನಿ ಗಾಡಿ ಬರಲಿ ಎಂದು. ನಾನು ಒಳಗೆ ಬಾಗಿಲ ಹಿಂದೆ ನಿಂತಿದ್ದೆ. ಉಸಿರಾಡುತ್ತಿದ್ದಾರಾ ಎಂದು ಬೆನ್ನು ನೋಡುತ್ತಿದ್ದೆ. ನಂಬಿದ್ದವರು ಅವರು, ಹೆದರಿದ್ದವಳು ನಾನು.

ಹೊತ್ತೇರಿದ ಮೇಲೆ ಬಂದವರು ಅತ್ತಿಗೆ ಕೆಂಪಮ್ಮ, ಇವರ ಒಡಹುಟ್ಟಿದ ಅಕ್ಕ. ಊರಿನಿಂದ ಮೊದಲ ಬಸ್ಸು ಹಿಡಿದು ಹಲಸಿನ ಹಣ್ಣು ಹೊತ್ತುಕೊಂಡು ಬಂದಿದ್ದರು. ಹಣ್ಣನ್ನು ಇಳಿಸಿ ತಮ್ಮನನ್ನು ಮೇಲಿಂದ ಕೆಳಗೆ ನೋಡಿದರು.

"ಇದೇನ್ಲಾ ಚನ್ನ, ಮದ್ವೆ ಗಂಡ್ನಂಗ್ ಕೂತಿದೀಯ?"

"ಎಪ್ಪತ್ತು ತುಂಬ್ತು ಕಣಕ್ಕ ಇವತ್ತು."

"ಯಾರಿಗ್ಲಾ?"

"ನಂಗೇ."

ಅತ್ತಿಗೆ ನಕ್ಕರು. ನಗುತ್ತಲೇ ಕೂತರು. "ನಿಂಗೆಲ್ಲಿ ಎಪ್ಪತ್ಲಾ? ಅದು ಯಾವತ್ತೋ ಆಗೋಯ್ತು. ಕುರಿ ಮೇಯಿಸ್ಕೊಂಡಿದ್ದ ನಿನ್ನ ಮೇಷ್ಟ್ರು ಕಿವಿ ಹಿಡ್ದು ಇಸ್ಕೂಲಿಗೆ ಎಳ್ಕೊಂಡೋದ್ರು. ಕೋಣ ಬೆಳ್ದಂಗೆ ಬೆಳ್ದವ್ನೆ, ಒಂದ್ನೇ ಕ್ಲಾಸಿಗೆ ಎಂಗ್ ಸೇರುಸ್ಲಿ ಅಂತ ವಯಸ್ಸು ಇಳಿಸಿ ಬರ್ಕೊಂಡ್ರು. ನಮ್ಮೂರಿನ್ ಅಷ್ಟೂ ಐಕ್ಳುಗೂ ಜೂನ್ ಒಂದೇ ಕಣ್ಲಾ, ಅವತ್ತೇ ಎಲ್ರೂ ಹುಟ್ಟುದ್ರಾ? ನಿಂಗೀಗ ಎಪ್ಪತ್ಮೂರೋ ನಾಕೋ. ಅವ್ವ ಹೇಳ್ತಿರ್ಲಿಲ್ವಾ?"

ಇವರ ಮುಖವನ್ನು ನೀವು ನೋಡಬೇಕಿತ್ತು. ಗೇಟು ದಾಟಿ ಎಷ್ಟೋ ವರ್ಷವಾಗಿ ಹೋಗಿತ್ತು, ಯಾವ ಸೈರನ್ನೂ ಕೂಗಿರಲಿಲ್ಲ. ಬೆರಳು ಮಡಚಿ ಲೆಕ್ಕ ಹಾಕಿದರು. ಆಮೇಲೆ, "ಅಂದ್ರೆ ಫ್ಯಾಕ್ಟ್ರಿಲೂ ನಾನು ಜಾಸ್ತಿ ವರ್ಷ ದುಡ್ದಿದೀನಿ!" ಅಂದರು. ಸಿಟ್ಟಿನಿಂದ ಅಂದರು. ವರ್ಷವಾಗಿತ್ತು ಆ ಸಿಟ್ಟು ಕೇಳಿ. ನಾನು ಹಲಸಿನ ಹಣ್ಣು ಬಿಡಿಸುವ ನೆಪದಲ್ಲಿ ಹಿತ್ತಲಿಗೆ ಹೋದೆ.

ಕಣ್ಣಾಸ್ಪತ್ರೆಗೆ ಹೋಗೋಣ ಎಂದು ಇವರೇ ಅಂದರು, ಮಧ್ಯಾಹ್ನವೇ ಹೋದೆವು. ಅಲ್ಲಿ ಬಣ್ಣದ ದೀಪ ಬಿಟ್ಟು, ಗಲ್ಲ ಇಡಿಸಿ, ಬಹಳ ಹೊತ್ತು ನೋಡಿದರು. ಎಡಗಣ್ಣಿನಲ್ಲಿ ಏನೂ ಉಳಿದಿಲ್ಲ, ಬಲಗಣ್ಣನ್ನು ಹನಿ ಬಿಡದೆ ಹಾಕಿದರೆ ಉಳಿಸಿಕೊಳ್ಳಬಹುದು ಎಂದರು. ಆ ಸರಾಸರಿ ಲೆಕ್ಕದಲ್ಲಿ ಇದು ಎಲ್ಲಿಯೂ ಬರುವುದಿಲ್ಲ. ಎರಡು ಕಣ್ಣಿನ ವರ್ಷವೂ ಅದಕ್ಕೆ ಒಂದೇ, ಒಂದು ಕಣ್ಣಿನ ವರ್ಷವೂ ಒಂದೇ. ಆಟೋದಲ್ಲಿ ಬರುವಾಗ, ಹೇಳಿದ್ದೆನಲ್ಲ ಎಂದು ನಾನು ಆಡಲಿಲ್ಲ. ಆಡಿದ್ದರೆ ಹೋದ ಕಣ್ಣು ಬರುತ್ತಿತ್ತೇ.

ಮಾರನೇ ದಿನ ಬೆಳಿಗ್ಗೆ ಕಾಫಿ ತಂದುಕೊಟ್ಟು, ನಾನು ಯಾವಾಗಲೂ ಕೂರುವ ಮಗ್ಗುಲಲ್ಲಿ ಕೂತೆ. ಏನೋ ಹೇಳಿದೆ. ಅವರು ಮುಖವನ್ನೆಲ್ಲ ತಿರುಗಿಸಿ ನಾನೆಲ್ಲಿದ್ದೇನೆ ಎಂದು ಹುಡುಕಿದರು. ಅದು ಅವರ ಎಡ. ಎದ್ದೆ, ನನ್ನ ಮಣೆ ಎತ್ತಿಕೊಂಡು ಸುತ್ತಿ ಬಂದು ಬಲಗಡೆ ಹಾಕಿಕೊಂಡು ಕೂತೆ. ಸೀಸೆಯ ಮುಚ್ಚಳ ತೆಗೆದು, "ತಲೆ ಎತ್ತಿ" ಅಂದೆ.

"ನಿನ್ ಕೈ ನಡುಗ್ತದೆ" ಅಂದರು.

"ನಡುಗ್ಲಿ" ಎಂದು ರೆಪ್ಪೆ ಹಿಡಿದು ಹನಿ ಹಾಕಿದೆ.